ಹತ್ತನೇ ತರಗತಿಯಲ್ಲಿ ಸೈಬರ್ ಭದ್ರತೆಯ ಉದ್ಯೋಗ: ಒಂದು ಅಭ್ಯಾಸ ಪಾಠ

ಅಭ್ಯಾಸ ಬೋಧನೆಯ ನಾಲ್ಕನೇ ವಾರದಲ್ಲಿ ಹತ್ತನೇ ತರಗತಿಯ ವೃತ್ತಿ ಮಾರ್ಗದರ್ಶನದ ಒಂದು ಅವಧಿ ನನ್ನ ಪಾಲಿಗೆ ಬಂತು. ಸೈಬರ್ ಭದ್ರತೆಯನ್ನು ಆರಿಸಿಕೊಂಡೆ. "ಈ ಕ್ಷೇತ್ರದವರು ಏನು ಕೆಲಸ ಮಾಡುತ್ತಾರೆ?" ಎಂಬ ಪೀಠಿಕಾ ಪ್ರಶ್ನೆಗೆ ಬಂದ ಉತ್ತರ ಒಂದೇ: "ಹ್ಯಾಕ್ ಮಾಡ್ತಾರೆ ಮಿಸ್." ಕೋರ್ಸು, ಸಂಬಳಗಳ ಪಟ್ಟಿ ಓದಿ ಹೇಳಿದರೆ ಈ ಕಲ್ಪನೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕೆಲಸವನ್ನೇ ಮಕ್ಕಳ ಕೈಗೆ ಕೊಡುವ ಚಟುವಟಿಕೆ ಯೋಜಿಸಿದ್ದೆ.

ಡ್ರಾಯಿಂಗ್ ಹಾಳೆಯ ಮೇಲೆ ಒಂದು ಕಲ್ಪಿತ ಬ್ಯಾಂಕಿನ ಲಾಗಿನ್ ದಾಖಲೆ. ರಾತ್ರಿ 2 ಗಂಟೆಯಿಂದ ಒಬ್ಬ ಸಿಬ್ಬಂದಿಯ ಖಾತೆಗೆ 40 ಬಾರಿ ತಪ್ಪು ಪಾಸ್‌ವರ್ಡ್, 41ನೆಯದು ಸರಿ. ಗುಂಪುಗಳಿಗೆ ಎರಡೇ ಪ್ರಶ್ನೆ: ಇದು ಮರೆವೋ, ದಾಳಿಯೋ? ಈಗ ಏನು ಮಾಡುತ್ತೀರಿ? "ಮರೆತವರು ನಾಲ್ಕೈದು ಸಲ ಒತ್ತಿ ಬಿಡ್ತಾರೆ, 40 ಸಲ ಒತ್ತಲ್ಲ" ಎಂದಳು ಒಬ್ಬಳು. ಮೊದಲು ಖಾತೆ ತಡೆಹಿಡಿಯುವುದೋ, ಆ ಸಿಬ್ಬಂದಿಗೆ ಫೋನ್ ಮಾಡುವುದೋ ಎಂಬ ಜಗಳ ಹತ್ತು ನಿಮಿಷ ನಡೆಯಿತು, ನಾನು ತಡೆಯಲಿಲ್ಲ. ಎಸ್‌ಒಸಿ ಅನಲಿಸ್ಟ್ ಹುದ್ದೆಗೆ ಹೊಸದಾಗಿ ಸೇರಿದವರು ಪಾಳಿಯಲ್ಲಿ ಕುಳಿತು ಮಾಡುವುದು ಬಹುಮಟ್ಟಿಗೆ ಇದನ್ನೇ: ಎಚ್ಚರಿಕೆ ಸಂದೇಶಗಳಲ್ಲಿ ನಿಜ ಸುಳ್ಳು ಬೇರ್ಪಡಿಸಿ ಮೇಲಿನವರಿಗೆ ವರದಿ ಬರೆಯುವುದು. ನಾಲ್ಕು ವಾಕ್ಯದ ವರದಿ ಬರೆಸಿದೆ. ಎಲ್ಲರಿಗಿಂತ ಚೆನ್ನಾಗಿ ಬರೆದವನು ಕಂಪ್ಯೂಟರ್ ಬಲ್ಲವನಲ್ಲ, ಪ್ರಬಂಧದಲ್ಲಿ ಮುಂದಿರುವ ಹುಡುಗ.

ಬಳಿಕ ನಾನೇ ತಯಾರಿಸಿದ ಮಾದರಿ ಜಾಹೀರಾತು: "ಹೊಸಬರಿಗೆ ಅವಕಾಶ, ಸಿಐಎಸ್‌ಎಸ್‌ಪಿ ಕಡ್ಡಾಯ." ಆ ಪ್ರಮಾಣಪತ್ರ ಪಡೆಯಲು ಪರೀಕ್ಷೆ ಪಾಸಾದರೆ ಸಾಲದು, 5 ವರ್ಷದ ಅನುಭವ ಬೇಕು, ತಕ್ಕ ಪದವಿ ಇದ್ದವರಿಗೆ 1 ವರ್ಷ ರಿಯಾಯಿತಿ. ಇದನ್ನು ಹೇಳಿದಾಗ ತರಗತಿ ನಕ್ಕಿತು. ಈ ಕ್ಷೇತ್ರದ ನೇಮಕಾತಿಯ ಬಗ್ಗೆ ಇದು ಹಳೆಯ ದೂರು. ಅರ್ಹತೆಯ ಸಾಲಿಗೆ ಹೆದರಿ ಹಿಂದೆ ಸರಿಯುವ ಮೊದಲು ಕೆಲಸದ ವಿವರ ಓದುವುದನ್ನು ಅಭ್ಯಾಸ ಮಾಡಿಸಿದೆ.

ಆಗ ಹಿಂದಿನ ಬೆಂಚಿನಿಂದ, "ಮಿಸ್, ಪ್ರಾಕ್ಟೀಸ್‌ಗೆ ಪಕ್ಕದ ಮನೆ ವೈಫೈ ಪಾಸ್‌ವರ್ಡ್ ಮುರಿದು ನೋಡಬಹುದಾ?" ನನ್ನ ದೃಷ್ಟಿಯಲ್ಲಿ ಇಡೀ ಅವಧಿಯ ಮುಖ್ಯ ಪ್ರಶ್ನೆ ಇದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರ್ ಅಥವಾ ಜಾಲದೊಳಗೆ ಹೋದರೆ ಪರಿಹಾರ ಕೊಡಬೇಕಾಗುತ್ತದೆ. ಮೋಸದ ಉದ್ದೇಶವಿದ್ದರೆ 66ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಕೌಶಲ, ಅನುಮತಿ ಇದ್ದರೆ ಉದ್ಯೋಗ. "ಹಾಗಾದರೆ ಕಲಿಯೋದೆಲ್ಲಿ?" ಎಂದ. ಬರೀ ಬೇಡ ಎಂದು ಬಿಟ್ಟರೆ ಅವನು ತಾನೇ ದಾರಿ ಹುಡುಕುತ್ತಾನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಶಾಲಾ ಮಕ್ಕಳಿಗಾಗಿ 2013ರಲ್ಲಿ ಆರಂಭಿಸಿದ ಪಿಕೊಸಿಟಿಎಫ್ ಎಂಬ ಉಚಿತ ಸ್ಪರ್ಧೆಯ ಹೆಸರು ಕೊಟ್ಟೆ. ಅಲ್ಲಿನ ಬೀಗಗಳು ಮುರಿಯಲೆಂದೇ ಇಟ್ಟವು.

ಕಾನೂನಿಗೆ ಬೇರೆ ಅವಧಿ ಇಡಬಹುದಿತ್ತು ಎಂದು ವೀಕ್ಷಕ ಉಪನ್ಯಾಸಕರು ಬರೆದರು. ನಾನು ಒಪ್ಪುವುದಿಲ್ಲ, ಮಗು ಕೇಳಿದ ಕ್ಷಣದಲ್ಲೇ ಅದು ಕಿವಿಗೆ ಬೀಳುತ್ತದೆ. ಪಿಕೊಸಿಟಿಎಫ್ ಪ್ರಶ್ನೆಗಳು ಇಂಗ್ಲಿಷಿನಲ್ಲಿವೆ ಎಂಬುದು ನಿಜವಾದ ತೊಡಕು. ಶನಿವಾರ ಶಾಲೆಯ ಒಂದೇ ಕಂಪ್ಯೂಟರಿನ ಸುತ್ತ ಹನ್ನೊಂದು ಮಕ್ಕಳು ಕುಳಿತರು. ಒಬ್ಬಳು ಪ್ರಶ್ನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಳು, ಉಳಿದವರು ಬೀಗ ಹುಡುಕಿದರು.