ಕಾಯಿಸಿದ ಕಲ್ಲು, ವಿಭಜನೆಗೊಂಡ ಕಲ್ಲು

ರಸಾಯನಶಾಸ್ತ್ರದ ಲೆಕ್ಕ ತಪ್ಪಿದರೆ ದೂರು ಗಣಿತದ ಮೇಲೆ ಬೀಳುವುದು ವಾಡಿಕೆ. ಪ್ರಶ್ನೆಯಲ್ಲಿರುವ ಒಂದು ಕೃದಂತವನ್ನು ಲಕ್ಷ್ಯವಿಟ್ಟು ಓದದೆ ತಪ್ಪುವ ಲೆಕ್ಕಗಳೂ ಉಂಟು. ಹೊರಬಂದ ಅನಿಲದಿಂದ ಮೂಲವಸ್ತುವಿನ ರಾಶಿಯನ್ನು ಕಂಡುಹಿಡಿಯುವ ಲೆಕ್ಕ ಅಂಥದು.

ಮೊದಲು ‘ರಾಶಿ’ ಎಂಬ ಪದ. ಕನ್ನಡ ವಿಜ್ಞಾನ ಪಠ್ಯಗಳಲ್ಲಿ ಅದು ವಸ್ತುವಿನಲ್ಲಿರುವ ದ್ರವ್ಯದ ಮೊತ್ತ. ಮರಾಠಿಯಲ್ಲಿ ಇದಕ್ಕೆ ‘ವಸ್ತುಮಾನ’ ಎನ್ನುತ್ತಾರೆ. ಅಲ್ಲಿ ‘ರಾಶಿ’ ಎಂದರೆ ಅಳೆಯಬಹುದಾದ ಯಾವುದೇ ಪರಿಮಾಣ, ಕಾಲವೂ ವೇಗವೂ ರಾಶಿಗಳೇ. ಸೊಲ್ಲಾಪುರ, ಜತ್ತ ಕಡೆಯ ರೈತನಿಗಾದರೋ ರಾಶಿ ಎಂದರೆ ಕಣದಲ್ಲಿ ತೂರಿ ಗುಡ್ಡೆ ಹಾಕಿದ ಜೋಳ. ಎರಡೂ ಭಾಷೆಗಳಲ್ಲಿ ಓದಿದವರು ಇವನ್ನು ಬೆರೆಸಬಾರದು.

ಸುಣ್ಣಕಲ್ಲಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ವಿಭಜನೆಗೊಂಡು ಸುಟ್ಟ ಸುಣ್ಣ ಉಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. 100 ಗ್ರಾಂ ಕಾರ್ಬೊನೇಟಿನಿಂದ 56 ಗ್ರಾಂ ಸುಣ್ಣ, 44 ಗ್ರಾಂ ಅನಿಲ. ಈ ಅನುಪಾತ ಬದಲಾಗದು; ಆದ್ದರಿಂದಲೇ ಅನಿಲದಿಂದ ಕಲ್ಲಿನ ಕಡೆಗೆ ಹಿಂದಿರುಗಿ ಲೆಕ್ಕ ಹಾಕಲು ಬರುತ್ತದೆ.

ಒಣಗಿದ 20 ಗ್ರಾಂ ಸುಣ್ಣಕಲ್ಲನ್ನು ಕಾಯಿಸಿದಾಗ 6.6 ಗ್ರಾಂ ಅನಿಲ ಹೊರಬಂದಿತೆನ್ನೋಣ. ವಿಭಜನೆಗೊಂಡ ಕಾರ್ಬೊನೇಟಿನ ರಾಶಿ ಎಷ್ಟು? 6.6ನ್ನು 44ರಿಂದ ಭಾಗಿಸಿದರೆ 0.15 ಮೋಲ್. ಕಾರ್ಬೊನೇಟೂ ಅಷ್ಟೇ ಮೋಲ್; 100ರಿಂದ ಗುಣಿಸಿದರೆ 15 ಗ್ರಾಂ. ಇಪ್ಪತ್ತು ಗ್ರಾಂ ‘ಕಾಯಿಸಿದ’ ಕಲ್ಲು, ಹದಿನೈದು ಗ್ರಾಂ ‘ವಿಭಜನೆಗೊಂಡ’ ಕಾರ್ಬೊನೇಟು. ಅನಿಲ ಸಾಕ್ಷಿ ನುಡಿಯುವುದು ಎರಡನೆಯದಕ್ಕೆ ಮಾತ್ರ. ಮತ್ತೆ ಮತ್ತೆ ಕಾಯಿಸಿ ತೂಗಿದರೂ ತೂಕ ಇಳಿಯದೆ ನಿಂತಿದ್ದರೆ, ಮಿಕ್ಕ 5 ಗ್ರಾಂ ಮಣ್ಣು, ಮರಳಿನಂಥ ಕಲಬೆರಕೆ; ಕಲ್ಲಿನ ಶುದ್ಧತೆ ಶೇಕಡಾ 75. ಬೆಂಕಿ ಸಾಲದೆ ನಿಲ್ಲಿಸಿದ್ದರೆ ಆ ಐದರಲ್ಲಿ ಕಾರ್ಬೊನೇಟೂ ಉಳಿದಿರಬಹುದು. ಆಗ ಶುದ್ಧತೆಯ ಮಾತು ಆಡುವಂತಿಲ್ಲ.

ಮರಾಠಿಯ ‘ಘೇತಲೇಲಾ’, ‘ಅಪಘಟನ ಝಾಲೇಲಾ’ ಎಂಬ ರೂಪಗಳೂ ಇದೇ ಭೇದವನ್ನು ಕಾಪಾಡುತ್ತವೆ. ಅನುವಾದಕನು ಅದನ್ನು ಕೈಬಿಟ್ಟು ‘ಸುಣ್ಣಕಲ್ಲಿನ ರಾಶಿ ಎಷ್ಟು?’ ಎಂದಷ್ಟೇ ಬರೆದರೆ ಪ್ರಶ್ನೆಗೆ ಎರಡು ಉತ್ತರಗಳಾಗುತ್ತವೆ, ಅಂಕ ಕಳೆದುಕೊಳ್ಳುವವನು ವಿದ್ಯಾರ್ಥಿ. ಮುಂದೆ ಕನ್ನಡ ಮಾಧ್ಯಮ ಶಾಲೆಗಳಿಗೆ ಪಠ್ಯ ಸಿದ್ಧಪಡಿಸುವ ಕೆಲಸ ಕನ್ನಡ ಐಚ್ಛಿಕದವರ ಪಾಲಿಗೂ ಬರಬಹುದು.

ಮೋಲ್‌ಗಳು ಯಾವಾಗಲೂ ಸಮನಾಗಿರುವುದಿಲ್ಲ. ಪೊಟ್ಯಾಸಿಯಂ ಕ್ಲೋರೇಟಿನ ಎರಡು ಮೋಲ್‌ಗಳಿಂದ ಆಮ್ಲಜನಕದ ಮೂರು ಮೋಲ್ ಬರುತ್ತದೆ. ಅದಕ್ಕೆ ಬೆರೆಸುವ ಮ್ಯಾಂಗನೀಸ್ ಡೈಆಕ್ಸೈಡ್ ಕ್ರಿಯಾವರ್ಧಕ ಮಾತ್ರ. ಕ್ರಿಯೆಯ ಕೊನೆಗೆ ಇದ್ದಷ್ಟೇ ಉಳಿಯುತ್ತದೆ.

ಅಭ್ಯಾಸಕ್ಕೆ: ಇವೆರಡರ 30 ಗ್ರಾಂ ಮಿಶ್ರಣವನ್ನು ಅನಿಲ ನಿಲ್ಲುವವರೆಗೆ ಕಾಯಿಸಿದಾಗ 9.6 ಗ್ರಾಂ ಆಮ್ಲಜನಕ ದೊರೆಯಿತು. ಕ್ಲೋರೇಟಿನ ಒಂದು ಮೋಲ್ 122.5 ಗ್ರಾಂ. ವಿಭಜನೆಗೊಂಡ ಕ್ಲೋರೇಟಿನ ರಾಶಿ ಎಷ್ಟು? (ಉತ್ತರ: 24.5 ಗ್ರಾಂ)