ಚಾಮಯ್ಯ ಮೇಷ್ಟ್ರ ಮಾತು

ಪುಟ್ಟವ್ವ, ಹಿರಿಯರು ಹೇಳಿದ್ದನ್ನು ಕೇಳಿಸಿಕೋ. ಜೊತೆಗೆ, ಆ ಮಾತಿಗೆ ಬೆಲೆ ತೆರುವವರು ಯಾರು ಅನ್ನುವುದನ್ನೂ ನೋಡು. ನಾನು ಈಗ ಹೇಳುವುದಕ್ಕೂ ಇದೇ ಅಳತೆ ಹಿಡಿ.

‘ನಾಗರಹಾವು’ ಚಿತ್ರವನ್ನು ನೀನು ಫೋನಿನಲ್ಲಿ ನೋಡಿದ್ದೀಯ. ತ.ರಾ.ಸು. ಕಾದಂಬರಿಗಳನ್ನು ಹಿಡಿದು ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದದ್ದು. ಆ ಕಥೆ ನಡೆಯುವ ಚಿತ್ರದುರ್ಗ ನಮಗೇನು ದೂರವೇ? ನಮ್ಮ ತಿಪಟೂರಿನಿಂದ ಹುಳಿಯಾರು ದಾಟಿ ಹಿರಿಯೂರಿನ ದಾರಿ ಹಿಡಿದರೆ ಆಯಿತು. ಹಾಗಾಗಿ ನಮ್ಮ ಕಡೆಯವರಿಗೆ ಅದರ ನಾಯಕ ರಾಮಾಚಾರಿ ಪಕ್ಕದೂರಿನ ಹುಡುಗನಿದ್ದ ಹಾಗೆ. ಎಲ್ಲರೂ ಆ ಪಾತ್ರದಲ್ಲಿ ವಿಷ್ಣುವರ್ಧನ್ ತೋರಿದ ಸಿಟ್ಟನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು ಅಶ್ವತ್ಥ್ ಮಾಡಿದ ಚಾಮಯ್ಯ ಮೇಷ್ಟ್ರು. ಆ ಮನುಷ್ಯನಲ್ಲಿ ಎಳ್ಳಷ್ಟೂ ಕೆಡುಕಿಲ್ಲ. ಊರೆಲ್ಲ ಪುಂಡ ಎಂದು ಬೈಯುವ ಹುಡುಗನನ್ನು ಮಗನಂತೆ ಕಂಡವರು. ನೀನು ಮೆಚ್ಚಿದ ಅಲಮೇಲು ಬೇರೆ ಜಾತಿ, ಅವಳನ್ನು ಮರೆತುಬಿಡು ಎಂದು ಅವರು ಹೇಳಿದ್ದು ಪ್ರೀತಿಯಿಂದಲೇ. ರಾಮಾಚಾರಿ ಗುರುವಿನ ಮಾತಿಗೆ ತಲೆಬಾಗಿದ. ಅಲಮೇಲುವನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ. ಆಮೇಲೆ ಕೈಹಿಡಿದ ಗಂಡ ಅವಳನ್ನು ಮೈ ಮಾರುವ ಗತಿಗೆ ತಂದ. ಮುಂದೆ ಕ್ರೈಸ್ತರ ಹುಡುಗಿ ಮಾರ್ಗರೆಟ್ ಬಂದಾಗಲೂ ಮೇಷ್ಟ್ರ ಬಾಯಲ್ಲಿ ಅದೇ ಬುದ್ಧಿವಾದ. ಕೊನೆಗೆ ದುರ್ಗದ ಬೆಟ್ಟದಿಂದ ಬಿದ್ದು ಮೇಷ್ಟ್ರೂ ಸತ್ತರು, ಹಾರಿ ಹುಡುಗ ಹುಡುಗಿಯೂ ಸತ್ತರು.

ಜನ ಅತ್ತರು. ಅತ್ತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮನೆಗೆ ಬಂದು, ಮಗಳಿಗೆ ತಮ್ಮ ಜಾತಿಯಲ್ಲೇ ಗಂಡು ಹುಡುಕಿದರು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ತೆರೆಯ ಮೇಲೆ ಜಾತಿ ಮೀರಿದ ಜೋಡಿ ಸತ್ತರೆ ನೋಡುವವರಿಗೆ ದುಃಖದ ಜೊತೆ ಒಂದು ನಿರಾಳವೂ ಸಿಗುತ್ತದೆ: ಅವರ ಮದುವೆಗೆ ಹೋಗಬೇಕಾಗಿಲ್ಲ, ಅವರ ಮಗುವಿಗೆ ಯಾವ ಹೆಸರಿಡಬೇಕು ಎಂದು ಯೋಚಿಸಬೇಕಾಗಿಲ್ಲ, ಹಬ್ಬಕ್ಕೆ ಅವರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಅಂಥ ಜೋಡಿಯನ್ನು ತೆರೆಯ ಮೇಲೆ ಸಾಯಿಸುವುದು ಇಂದು ನಿನ್ನೆಯ ರೂಢಿಯಲ್ಲ. 1936ರ ‘ಅಛೂತ್ ಕನ್ಯಾ’ ಎಂಬ ಹಿಂದಿ ಚಿತ್ರದಲ್ಲಿ ಬ್ರಾಹ್ಮಣರ ಹುಡುಗ, ಅಸ್ಪೃಶ್ಯರೆನಿಸಿಕೊಂಡವರ ಹುಡುಗಿ. ಹುಡುಗಿ ರೈಲಿಗೆ ಸಿಕ್ಕಿ ಸಾಯುತ್ತಾಳೆ. ಆ ಪಾತ್ರ ಮಾಡಿದವರು ದೇವಿಕಾರಾಣಿ. ಆಕೆಯ ಸ್ವಂತ ಬದುಕು ನೋಡು. 1945ರಲ್ಲಿ ರಷ್ಯಾದ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾದರು. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ತೋಟ ಮಾಡಿದರು, ಸುಗಂಧದ ಎಣ್ಣೆ ಕೊಡುವ ಲಿನಾಲೋ ಮರ ಬೆಳೆಸಿದರು. ರೋರಿಕ್ 1993ರಲ್ಲಿ ತೀರಿಕೊಳ್ಳುವವರೆಗೆ ನಲವತ್ತೇಳು ವರ್ಷ ದಾಟಿ ಒಟ್ಟಿಗಿದ್ದರು. ಮರುವರ್ಷ ಆಕೆ ಹೋದರು. ರೈಲಿನಡಿ ಸತ್ತ ಹುಡುಗಿಯನ್ನು ದೇಶವೆಲ್ಲ ನೋಡಿತು. ತೋಟದಲ್ಲಿ ಮುಪ್ಪಾದ ಗಂಡಹೆಂಡಿರ ಮೇಲೆ ಅಂಥ ಒಂದು ಸಿನಿಮಾ ಬಂದು ಮನೆಮಾತಾಗಲಿಲ್ಲ.

ಹಾಗೆ ಬಾಳಿದವರು ನಮ್ಮ ನಾಡಿನಲ್ಲಿ ಕಡಿಮೆಯೇನಿಲ್ಲ. ಬ್ರಾಹ್ಮಣರಾದ ಶಿವರಾಮ ಕಾರಂತರು ಬಂಟರ ಮನೆತನದ ಲೀಲಾ ಅವರನ್ನು 1936ರಲ್ಲೇ ಮದುವೆಯಾದರು. ಯು.ಆರ್. ಅನಂತಮೂರ್ತಿ ಹಾಸನದಲ್ಲಿ ಮೇಷ್ಟ್ರಾಗಿದ್ದಾಗ ಎಸ್ತರ್ ಅವರನ್ನು ಕಂಡರು, 1956ರಲ್ಲಿ ಮದುವೆಯಾಯಿತು. ಹಾಸನ ಎಂದರೆ ಅರಸೀಕೆರೆಯ ಆಚೆ ಒಂದು ಹೆಜ್ಜೆ. ಅದೇ ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಸಿನಿಮಾ ಆದಾಗ ಮೊದಲು ಸೆನ್ಸಾರಿನವರು ತಡೆದರು, ಆಮೇಲೆ ಅದಕ್ಕೇ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ನಿರ್ದೇಶಕರು ತೆಲುಗಿನ ಪಟ್ಟಾಭಿರಾಮ ರೆಡ್ಡಿ, ಚಂದ್ರಿಯಾಗಿ ನಟಿಸಿದವರು ಅವರ ಹೆಂಡತಿ, ಕ್ರೈಸ್ತ ಮನೆತನದ ಸ್ನೇಹಲತಾ. ಬರೆದವರ ಮನೆಯಲ್ಲೂ ತೆಗೆದವರ ಮನೆಯಲ್ಲೂ ಎರಡು ಧರ್ಮದವರು ಒಂದೇ ಒಲೆಯ ಅನ್ನ ಉಣ್ಣುತ್ತಿದ್ದರು.

ಇವರೆಲ್ಲ ದೊಡ್ಡವರು, ಅವರಿಗೆ ನಡೆಯುತ್ತದೆ ಎನ್ನುತ್ತೀಯ. ಸರಿ, ನಮ್ಮಂಥ ಹಳ್ಳಿಗೇ ಬರೋಣ. ಎಸ್.ಎಲ್. ಭೈರಪ್ಪನವರು ಹುಟ್ಟಿದ ಸಂತೇಶಿವರ ಚನ್ನರಾಯಪಟ್ಟಣ ತಾಲ್ಲೂಕು. ಅವರ ಕಾದಂಬರಿಗಳ ಮಾತು, ಊಟ, ಜಗಳ ಎಲ್ಲ ನಮ್ಮ ಸೀಮೆಯದೇ. ಅವರ ‘ತಬ್ಬಲಿಯು ನೀನಾದೆ ಮಗನೆ’ 1968ರಲ್ಲಿ ಬಂತು. ಗೋವು ಸಾಕುವ ಗೌಡರ ಮನೆಯ ಕಾಳಿಂಗ ಅಮೆರಿಕಕ್ಕೆ ಹೋಗಿ ಬೇಸಾಯ ಓದಿ, ಅಲ್ಲಿಯ ಹೆಂಡತಿಯನ್ನು ಊರಿಗೆ ಕರೆತರುತ್ತಾನೆ. 1977ರಲ್ಲಿ ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತ ಇದನ್ನು ಸಿನಿಮಾ ಮಾಡಿದರು, ಹಿಂದಿಯಲ್ಲಿ ಅದು ‘ಗೋಧೂಳಿ’. ಆ ಹೆಂಡತಿಯಾಗಿ ನಟಿಸಿದವರು ಪೌಲಾ ಲಿಂಡ್ಸೆ.

ಈ ಕಥೆ ನನಗೆ ಮುಖ್ಯವಾಗುವುದು ಯಾಕೆಂದರೆ ಇಲ್ಲಿ ಮದುವೆ ಆಗಿಹೋಗಿದೆ. ಪ್ರೀತಿಸಬಹುದೇ, ಓಡಿಹೋಗಬಹುದೇ ಎನ್ನುವ ಪ್ರಶ್ನೆಗಳಿಗೆ ಜಾಗವಿಲ್ಲ. ನಾಳೆ ಬೆಳಗ್ಗೆ ಕೊಟ್ಟಿಗೆಯಲ್ಲಿ ಏನು, ಅಡುಗೆಮನೆಯಲ್ಲಿ ಏನು ಎನ್ನುವುದೇ ಪ್ರಶ್ನೆ. ಊರಿಗೆ ಪುಣ್ಯಕೋಟಿಯ ಸಂತಾನವಾದ ಹಸು ಅವಳಿಗೆ ಬರೀ ಒಂದು ಪ್ರಾಣಿ. ಅಲ್ಲಿಂದ ಎಲ್ಲವೂ ಒಡೆಯುತ್ತದೆ. ಓದಿದವರಲ್ಲಿ ಕೆಲವರು ಊರನ್ನು ಬೈಯುತ್ತಾರೆ, ಹೆಚ್ಚಿನವರು ಆ ಹೆಣ್ಣನ್ನು. ನಾನು ಕೈ ತೋರಿಸುವುದು ಕಾಳಿಂಗನ ಕಡೆ. ಎರಡೂ ಕಡೆಯ ಮನಸ್ಸು ಬಲ್ಲವನು ಅವನೊಬ್ಬನೇ. ಈ ಊರಿಗೆ ಯಾವುದು ನೋಯುತ್ತದೆ ಎಂದು ಅವಳಿಗೆ ಮೊದಲೇ ಬಿಡಿಸಿ ಹೇಳಬೇಕಾದವನು, ಅವಳು ಯಾವುದನ್ನು ತಿಳಿಯದೆ ಮಾಡುತ್ತಾಳೆ ಎಂದು ಊರಿಗೆ ಹೇಳಬೇಕಾದವನು ಅವನು. ನೀನು ನಾಳೆ ಯಾರನ್ನಾದರೂ ಕರೆತಂದರೆ ಈ ಕೆಲಸ ನಿನ್ನದು ಕಣವ್ವ, ಬಂದವರದ್ದಲ್ಲ. ಅವರಿಗೆ ನಮ್ಮ ಮನೆಯ ಹೊಸ್ತಿಲು ಯಾವುದು, ದೇವರ ಮೂಲೆ ಯಾವುದು ಎಂದು ತಿಳಿಯುವುದಿಲ್ಲ. ಹಾಗೆಯೇ ಅವರ ಮನೆಗೆ ನೀನು ಹೋದಾಗ ಅಲ್ಲಿ ಏನು ಪವಿತ್ರ ಎಂದು ಕೇಳಿ ತಿಳಿದುಕೋ.

ಮನೆಯವರಿಗೂ ಒಂದು ಮಾತಿದೆ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯನ್ನು ಹತ್ತು ಹನ್ನೆರಡು ತಿಂಗಳು ಮುಟ್ಟದೆ ಕಾಯುವ ಜನ ನಾವು. ಬೇರೆ ಮನೆತನದಿಂದ ಬಂದ ಸೊಸೆಗೋ ಅಳಿಯನಿಗೋ ಎಂಟು ದಿನ ಕೊಡುವುದಿಲ್ಲ.

ಇನ್ನು ನಾಲಗೆಯ ತುದಿಯಲ್ಲಿದ್ದೂ ನಮ್ಮ ಜನ ಆಡದ ಮಾತನ್ನು ಆಡಿಬಿಡುತ್ತೇನೆ. ಅಮೆರಿಕದ ಬಿಳಿಯ ಸೊಸೆ ಬಂದಳು ಎನ್ನು. ಮೊದಲು ಗೊಣಗಾಟ, ಆಮೇಲೆ ಅವಳಿಗೆ ಸೀರೆ ಉಡಿಸಿ, ನೆಂಟರಿಷ್ಟರ ಮನೆಗೆಲ್ಲ ಕರೆದೊಯ್ದು ತೋರಿಸುತ್ತಾರೆ. ನಮ್ಮದೇ ಊರಿನ ಎರಡು ಬೀದಿ ಆಚೆ, ಕಾಲೊನಿಯ ಹುಡುಗಿ ಸೊಸೆಯಾಗಿ ಬಂದರೆ? ಅವಳು ನಮ್ಮ ಭಾಷೆಯನ್ನೇ ಆಡುತ್ತಾಳೆ, ನಮ್ಮ ರಾಗಿಮುದ್ದೆಯನ್ನೇ ಉಣ್ಣುತ್ತಾಳೆ, ಅವಳ ಅಪ್ಪ ನಮ್ಮ ತೋಟದ ಕಾಯಿಯನ್ನೇ ಸುಲಿದವನು. ಅವಳಿಗೆ ಬಾಗಿಲು ತೆರೆಯುವುದಿಲ್ಲ. ಬಂದ ಅಳಿಯ ಆಫ್ರಿಕಾದವನಾದರೆ ಇಡೀ ಮನೆಗೆ ಮಾತೇ ಹೊರಡುವುದಿಲ್ಲ. ದೂರದಿಂದ ಬಂದವರನ್ನು ಒಪ್ಪಿದರೆ ಮನಸ್ಸು ದೊಡ್ಡದಾಯಿತು ಎಂದು ತಿಳಿಯಬೇಡ. ಮೈಬಣ್ಣ ನೋಡಿ, ದುಡ್ಡು ನೋಡಿ ತೆರೆಯುವ ಬಾಗಿಲು ಅದು. 2016ರ ಜನವರಿಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಕೈಮಾಡಿತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ, ಅವಳ ಮೈಬಣ್ಣವೂ ಅವರದ್ದೇ ಎಂಬ ಕಾರಣಕ್ಕೆ. ಯಲ್ಲಾಪುರ, ಹಳಿಯಾಳದ ಕಡೆ ತಲೆಮಾರುಗಳಿಂದ ಇರುವ ಸಿದ್ದಿಗಳು ನಮ್ಮವರೇ ಅಲ್ಲವೇ? ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯಂಥ ನಟನನ್ನು ನಮ್ಮ ಸಿನಿಮಾ ಹೆಚ್ಚಾಗಿ ನಗಿಸುವುದಕ್ಕೇ ಕರೆಯಿತು. ನಾಯಕಿಯ ಮನಸ್ಸು ಗೆಲ್ಲುವ ಹುಡುಗನನ್ನಾಗಿ ಅವನನ್ನು ಯಾಕೆ ನಿಲ್ಲಿಸಬಾರದು?

ಅಮೆರಿಕವನ್ನು ನೋಡಿ ಕಲಿಯೋಣ ಎನ್ನುವವರಿಗೂ ಹೇಳು. ಅಲ್ಲಿ ಹಾಲಿವುಡ್ಡಿನವರು ತಾವೇ ಮಾಡಿಕೊಂಡ ಕಟ್ಟಳೆ ಕರಿಯರು ಬಿಳಿಯರ ಪ್ರೇಮವನ್ನು ತೆರೆಗೆ ತರದಂತೆ ಎಷ್ಟೋ ವರ್ಷ ತಡೆದಿತ್ತು. 1967ರ ಜೂನ್‌ನಲ್ಲಿ ಲವಿಂಗ್ ದಂಪತಿಯ ಮೊಕದ್ದಮೆ ತೀರ್ಮಾನವಾಗುವವರೆಗೂ 16 ರಾಜ್ಯಗಳಲ್ಲಿ ಅಂಥ ಮದುವೆ ಅಪರಾಧ. ಆಕೆ ಮಿಲ್ಡ್ರೆಡ್, ಆತ ರಿಚರ್ಡ್, ಮದುವೆಯಾದ ತಪ್ಪಿಗೆ ವರ್ಜೀನಿಯಾದವರು ಅವರನ್ನು ಹಾಸಿಗೆಯಿಂದಲೇ ಎಬ್ಬಿಸಿ ಹಿಡಿದಿದ್ದರು. ಅದೇ ವರ್ಷದ ಕೊನೆಗೆ ಸಿಡ್ನಿ ಪಾಯ್ಟಿಯರ್ ನಟಿಸಿದ ‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ ಬಂತು. ಅದರಲ್ಲಿ ಯಾರೂ ಬೆಟ್ಟದಿಂದ ಹಾರುವುದಿಲ್ಲ. ಬಿಳಿಯ ಹುಡುಗಿಯ ಅಪ್ಪ ಅವಳು ಮೆಚ್ಚಿದ ಕರಿಯ ಹುಡುಗನ ವಿಷಯದಲ್ಲಿ ದಿನವೆಲ್ಲ ಒದ್ದಾಡಿ, ಕೊನೆಗೆ ಒಪ್ಪುತ್ತಾನೆ, ಎಲ್ಲರೂ ಊಟಕ್ಕೆ ಏಳುತ್ತಾರೆ. ಹುಡುಗ ಅಷ್ಟು ದೊಡ್ಡ ಡಾಕ್ಟರು, ಅಷ್ಟು ಗುಣವಂತ ಆಗಿರಲೇಬೇಕಿತ್ತೇ ಎಂದು ನನಗೆ ಅನಿಸಿದ್ದಿದೆ. ಸಾಧಾರಣ ಹುಡುಗನಿಗೂ ಆ ಊಟ ಸಿಗಬೇಕು. ಆದರೂ ಅಪ್ಪನೊಬ್ಬ ಮನಸ್ಸು ಬದಲಿಸುವುದನ್ನು ತೆರೆಯ ಮೇಲೆ ತೋರಿಸಿದರಲ್ಲ, ಅದು ದೊಡ್ಡದು.

ಸಿನಿಮಾದ ಒಂದು ಕೆಟ್ಟ ಪಾಠವನ್ನು ಮಾತ್ರ ನಿನ್ನ ಅಣ್ಣತಮ್ಮಂದಿರಿಗೆ ಕಿವಿ ಹಿಂಡಿ ಹೇಳು. ಹಿಂದೆ ಬಿದ್ದು ಕಾಡಿಸಿದರೆ ಹುಡುಗಿ ಒಲಿಯುತ್ತಾಳೆ ಎನ್ನುವುದು ಸುಳ್ಳು. ಅವಳು ಬೇಡ ಎಂದರೆ ಬೇಡ, ಯಾವ ಜಾತಿಯಾದರೂ.

ಕಾನೂನು ಗೊತ್ತಿರಲಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಯಾರೂ ಧರ್ಮ ಬದಲಿಸಬೇಕಾಗಿಲ್ಲ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು, 30 ದಿನದ ನೋಟಿಸ್ ಇರುತ್ತದೆ. ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮದುವೆಗೆ ಮನೆತನದ್ದಾಗಲಿ ಊರ ಪಂಚಾಯಿತಿಯದ್ದಾಗಲಿ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಹೊಟ್ಟೆಪಾಡಿಗೆ ಕೈಯಲ್ಲೊಂದು ಕೆಲಸ ಇಟ್ಟುಕೊಂಡು ಹೆಜ್ಜೆ ಇಡು. ಮನೆಯವರಿಗೆ ಮುಖ ಕೊಟ್ಟು ಹೇಳು. ಜೀವಕ್ಕೇ ಭಯ ಎನಿಸಿದರೆ ಮಾತ್ರ ಮೊದಲು ಪೊಲೀಸರ ಹತ್ತಿರ ಹೋಗು.

ನಿನಗೆ ಇಂಥದ್ದು ಬಾರದೆಯೇ ಇರಬಹುದು. ನಿನ್ನ ಗೆಳತಿಗೆ ಬಂದೇ ಬರುತ್ತದೆ. ಆಗ ಅವಳಿಗೆ ಚಾಮಯ್ಯ ಮೇಷ್ಟ್ರ ಬುದ್ಧಿವಾದ ಹೇಳಬೇಡ. ಆ ಕಾಯ್ದೆಯ ಮದುವೆಗೆ ಮೂವರು ಸಾಕ್ಷಿ ಸಹಿ ಹಾಕಬೇಕು. ಒಂದು ನಿನ್ನದಿರಲಿ. ಇನ್ನೊಂದಕ್ಕೆ ಜನ ಸಾಲದಿದ್ದರೆ ಫೋನು ಮಾಡು, ತಿಪಟೂರಿನಿಂದ ಬೆಳಗಿನ ರೈಲಿಗೆ ಹತ್ತಿ ನಾನೇ ಬರುತ್ತೇನೆ. ಸಹಿ ಆದ ಮೇಲೆ ಇಬ್ಬರನ್ನೂ ಇಲ್ಲಿಗೆ ಕರೆದುಕೊಂಡು ಬಾ, ಊಟ ನಮ್ಮ ಮನೆಯಲ್ಲಿ.