ಮಂಗಳೂರಿನ ಹೋಟೆಲಿನಲ್ಲಿ ಮಕ್ಕಳು ಮುಂದೆ, ನೀವು ಹಿಂದೆ

ಬೀದರ್, ಭಾಲ್ಕಿ, ಔರಾದ್ ಕಡೆಯ ಡಾಬಕಾದಂಥ ಊರುಗಳಿಂದ ಮಂಗಳೂರಿಗೆ ಹೊರಟವರು ರಾಜ್ಯವನ್ನೇ ಉದ್ದಕ್ಕೂ ದಾಟಬೇಕು. ಉಡುಪಿ, ಧರ್ಮಸ್ಥಳ, ಸಮುದ್ರ ಎಲ್ಲವೂ ಸುಸೂತ್ರವಾಗಿ ಆಗುತ್ತವೆ. ತಕರಾರು ಶುರುವಾಗುವುದು ಊಟದ ಹೊತ್ತಿಗೆ, ಅದರಲ್ಲೂ ಹದಿನಾಲ್ಕು ಹದಿನೈದರ ಮಗನೋ ಮಗಳೋ ಜೊತೆಗಿದ್ದರೆ. ಅವರಿಗೆ ಹೊಸದು ಬೇಕು, ನಮಗೆ ರೊಟ್ಟಿ ಬೇಕು. ಏನು ತಿನ್ನಬೇಕೆಂಬುದನ್ನು ಅವರಿಗೆ ಬಿಟ್ಟು, ಎಷ್ಟು ಖರ್ಚು ಮಾಡಬೇಕೆಂಬುದನ್ನು ಮಾತ್ರ ನೀವು ಹಿಡಿದುಕೊಂಡರೆ ಅರ್ಧ ತಕರಾರು ಅಲ್ಲೇ ಮುಗಿಯಿತು. ಉಳಿದರ್ಧಕ್ಕೆ ಈ ಸೂತ್ರಗಳು.

1. ತಿಂಗಳು ನೋಡಿ ಟಿಕೆಟ್ ತೆಗೆಸಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆಗ ತಾಜಾ ಮೀನು ಕಡಿಮೆ, ಸಿಕ್ಕರೂ ತುಟ್ಟಿ. ಮೀನಿನಾಸೆಯ ಮಕ್ಕಳಿದ್ದರೆ ದಸರಾ ರಜೆಯೇ ವಾಸಿ. ಕುದ್ರೋಳಿಯ ದಸರಾ, ಬೀದಿಯ ಹುಲಿವೇಷ ಜೊತೆಗೆ ಸಿಗುತ್ತವೆ. ಜನಜಂಗುಳಿಯೂ ಅಷ್ಟೇ ಇರುತ್ತದೆ, ಹೋಟೆಲಿಗೆ ಬೇಗ ಹೊರಡಿ.

2. ಮೀನಿನ ಮಾತು ಮನೆಯಲ್ಲೇ ಮುಗಿಯಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಮಗ ಮಾತ್ರ ಗೆಳೆಯರ ಜೊತೆ ಎಲ್ಲವನ್ನೂ ರುಚಿ ನೋಡಿರುತ್ತಾನೆ. ಅದು ನಿಮಗೂ ಗೊತ್ತು, ನಿಮಗೆ ಗೊತ್ತೆಂದು ಅವನಿಗೂ ಗೊತ್ತು. ಈ ಮುಸುಕಿನ ವ್ಯವಹಾರವನ್ನು ಹೋಟೆಲಿನ ಟೇಬಲ್ಲಿಗೆ ತರಬೇಡಿ. ಬೇಡವೆಂದರೆ ಬೇಡ, ಆದರೆ ಅದನ್ನು ಬಸ್ಸು ಹತ್ತುವ ಮೊದಲೇ ಹೇಳಿ. ಒಪ್ಪಿದರೆ ಪೂರ್ತಿ ಒಪ್ಪಿ. ತಿನ್ನಲು ಬಿಟ್ಟು ಎದುರಿಗೆ ಮೂಗು ಮುಚ್ಚಿಕೊಂಡು ಕೂರುವುದು ಬೇಡವೆನ್ನುವುದಕ್ಕಿಂತ ಕೆಟ್ಟದ್ದು.

ಮೀನಿನ ವಾಸನೆ ತಡೆಯದ ಹಿರಿಯರಿದ್ದರೆ ಎರಡು ಪಂಗಡ ಮಾಡಿ. ಸಸ್ಯಾಹಾರಿ ಹೋಟೆಲುಗಳಿಗೆ ಮಂಗಳೂರಿನಲ್ಲಿ ಬರವಿಲ್ಲ. ಅಜ್ಜಿ, ಅವ್ವ ಅಲ್ಲಿ, ಅಪ್ಪ, ಮಗಳು ಇಲ್ಲಿ. ಉಂಡ ಮೇಲೆ ಐಸ್‌ಕ್ರೀಂ ಅಂಗಡಿಯಲ್ಲಿ ಎಲ್ಲರೂ ಸೇರಿದರಾಯಿತು.

3. ಹೋಟೆಲಿನಲ್ಲಿ ಬುತ್ತಿ ಬಿಚ್ಚಬೇಡಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇಲ್ಲದೆ ನಾವು ಊರು ಬಿಡುವವರಲ್ಲ, ಬಿಡಲೂಬಾರದು. ಆದರೆ ಎಸಿ ಹೋಟೆಲಿನಲ್ಲಿ ಅವ್ವ ಚೀಲದಿಂದ ರೊಟ್ಟಿಯ ಗಂಟು ತೆಗೆದ ಗಳಿಗೆ ಮಗಳ ಮುಖ ನೋಡಬೇಕು. "ಅವ್ವಾ, ಒಳಗಿಡು, ಎಲ್ಲಾರೂ ನೋಡ್ಲತ್ತಾರ" ಎಂದು ಹಲ್ಲು ಕಚ್ಚಿ ಪಿಸುಗುಡುತ್ತಾಳೆ. ನಿಜ ಹೇಳಬೇಕೆಂದರೆ ಯಾರೂ ನೋಡುತ್ತಿರುವುದಿಲ್ಲ, ಆದರೆ ಆ ವಯಸ್ಸಿನಲ್ಲಿ ಇಡೀ ಜಗತ್ತು ತನ್ನನ್ನೇ ನೋಡುತ್ತಿದೆ ಅನಿಸುತ್ತದೆ. ಅದೇ ಗಂಟನ್ನು ಸಂಜೆ ಪಣಂಬೂರಿನಲ್ಲೋ ತಣ್ಣೀರುಬಾವಿಯಲ್ಲೋ ಮರಳ ಮೇಲೆ ಬಿಚ್ಚಿ. ನೀರಾಡಿ ಹಸಿದು ಬಂದವಳು ತಾನೇ ಕೈ ಹಾಕುತ್ತಾಳೆ.

4. ಮೊದಲ ಸಲ ಮುಳ್ಳು ಕಡಿಮೆಯ ಮೀನು. ಅಂಜಲಿನ ತುಂಡಿನಲ್ಲಿ ನಡುವಿನ ಮುಳ್ಳು ತೆಗೆದರೆ ಬಹುತೇಕ ಮುಗಿಯಿತು. ಕಾಣೆಯೂ ಮೆತ್ತಗೆ, ಸುಲಭ. ಬೂತಾಯಿ ಅಗ್ಗ, ಬಲು ರುಚಿ, ಆದರೆ ಸಣ್ಣ ಮುಳ್ಳುಗಳು ಸಾಕಷ್ಟು. ಕೈ ಪಳಗಿದ ಮೇಲೆ ಅದಕ್ಕೆ ಹೋಗಿ. ಹೊಸಬರಿಗೆ ರವಾ ಫ್ರೈ ಹಿಡಿಸುತ್ತದೆ, ಹೊರಗೆ ಗರಿಗರಿ, ಒಳಗೆ ಮಸಾಲೆ. ಸಿಗಡಿ, ಏಡಿ ಜನ್ಮದಲ್ಲಿ ತಿಂದಿರದಿದ್ದರೆ ಒಂದೆರಡು ತುಂಡಿಗೆ ನಿಲ್ಲಿಸಿ. ಕೆಲವರ ಮೈಗೆ ಆಗಿಬರುವುದಿಲ್ಲ. ತುಟಿ ಊದಿದರೆ, ಮೈ ತುರಿಸಿದರೆ, ಉಸಿರು ಕಟ್ಟಿದಂತಾದರೆ ಮಜ್ಜಿಗೆ, ನಿಂಬೆರಸ ಎಂದು ಕೂರದೆ ನೇರ ಆಸ್ಪತ್ರೆಗೆ ಹೋಗಿ.

5. ದರ ಮೊದಲು ಕೇಳಿ. ದೊಡ್ಡ ಮೀನಿನ ದರ ಗಾತ್ರದ ಮೇಲೆ, ಆ ದಿನದ ಮಾರುಕಟ್ಟೆಯ ಮೇಲೆ. ಎಷ್ಟೋ ಮೆನುಗಳಲ್ಲಿ ಅದರ ಎದುರು ಅಂಕಿಯೇ ಇರುವುದಿಲ್ಲ. ಕೇಳುವ ಕೆಲಸ ಮಗನಿಗೆ ಕೊಡಿ. ಒಂದು ಹೊತ್ತಿಗೆ ಇಷ್ಟು ಎಂದು ದುಡ್ಡು ಕೈಗಿಟ್ಟು, "ನೀನೇ ಲೆಕ್ಕ ಹಾಕಿ ಆರ್ಡರ್ ಮಾಡು" ಎನ್ನಿ. ಮಾಣಿ "ಎಂತ ಬೇಕು?" ಎಂದಾಗ ಮೊದಲು ಕಿಸಕ್ಕನೆ ನಕ್ಕವನು, ಮರುನಿಮಿಷಕ್ಕೆ ಗಂಭೀರವಾಗಿ ಅಂಜಲಿಗೂ ಬಂಗುಡೆಗೂ ದರ ತಾಳೆ ಹಾಕುತ್ತಾನೆ. ಚೌಕಾಸಿಯಲ್ಲಿ ನಿಮಗಿಂತ ಬಿಗಿ.

6. ಮಧ್ಯಾಹ್ನದ ಊಟಕ್ಕೆ ತಡ ಮಾಡಬೇಡಿ. ಹೆಸರಾದ ಮೀನೂಟದ ಹೋಟೆಲುಗಳಲ್ಲಿ ಸಾಲು ಬೆಳೆಯುತ್ತದೆ, ಒಳ್ಳೆಯ ಮೀನು ಮೊದಲೇ ಖಾಲಿ. ಹಸಿದ ಹದಿಹರೆಯದವರನ್ನು ಸಾಲಿನಲ್ಲಿ ನಿಲ್ಲಿಸುವ ಸಾಹಸ ಯಾಕೆ?

7. ರೊಟ್ಟಿ ಸಿಕ್ಕಿತೆಂದು ಹಿಗ್ಗಬೇಡಿ. ಕೋರಿ ರೊಟ್ಟಿಯ ರೊಟ್ಟಿ ಅಕ್ಕಿಯದು, ಹಪ್ಪಳದಂತೆ ಗರಿಗರಿ. ಅದನ್ನು ಮುರಿದು ಹಾಕಿ, ಮೇಲೆ ಕೋಳಿ ಸಾರು ಸುರಿದು, ಮೆತ್ತಗಾಗುವ ಮುಂಚೆಯೇ ತಿನ್ನಬೇಕು. ಖಾರ ಬೇಡುವ ನಮ್ಮ ಮಕ್ಕಳಿಗೆ ಚಿಕನ್ ಘೀ ರೋಸ್ಟ್, ನೀರ್ ದೋಸೆ ಸರಿಹೋಗುತ್ತದೆ. ಘೀ ರೋಸ್ಟಿನ ತವರು ಕುಂದಾಪುರ. ಖಾರ ಆಗದ ಹಿರಿಯರೂ ಬಣ್ಣ ನೋಡಿ ಹೆದರಬೇಡಿ, ಬ್ಯಾಡಗಿ ಮೆಣಸಿನಕಾಯಿಗೆ ಕೆಂಪು ಹೆಚ್ಚು, ಖಾರ ಕಡಿಮೆ.

8. "ಸಾಂಬಾರಿಗೆ ಬೆಲ್ಲ ಹಾಕ್ಯಾರ" ಎಂದು ಪ್ರತಿ ಹೊತ್ತೂ ಗೊಣಗಬೇಡಿ. ಹಾಕಿದ್ದಾರೆ, ಹೌದು. ತೆಂಗಿನೆಣ್ಣೆಯೂ ಇದೆ, ಅನ್ನ ದಪ್ಪ ಕುಚ್ಚಲಕ್ಕಿಯದು. ಬೆಳ್ತಿಗೆ ಅನ್ನ ಎಂದು ಕೇಳಿದರೆ ಬಿಳಿಯದು ಕೊಡುತ್ತಾರೆ. ಇಷ್ಟಾಗಿಯೂ ಅಪ್ಪ ಗೊಣಗಿದರೆ, ಮಗ ಅದನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಿರುತ್ತಾನೆ.

9. ನಾಷ್ಟಾಕ್ಕೆ ಬನ್ಸ್. ಬೇಕರಿಯ ಬನ್ನಲ್ಲ, ಮಾಗಿದ ಬಾಳೆಹಣ್ಣು, ಮೈದಾ ಕಲಸಿ ಕರಿದ ಉಬ್ಬಿದ ಪೂರಿ. ಸಿಹಿ ಎಂದುಕೊಂಡರೂ ಚಟ್ನಿಯ ಜೊತೆ ಬರುತ್ತದೆ, ಬಿಸಿಯಿದ್ದಾಗಲೇ ತಿನ್ನಿ. ಸಂಜೆಗೆ ಮೈದಾದ ಉಂಡೆ ಬಜ್ಜಿ, ಅಂದರೆ ಗೋಳಿಬಜೆ.

10. ಮುನಿಸಿಗೆ ಗಡ್‌ಬಡ್. ಉದ್ದ ಗಾಜಿನ ಲೋಟದಲ್ಲಿ ಐಸ್‌ಕ್ರೀಂ, ಜೆಲ್ಲಿ, ಹಣ್ಣು, ಗೋಡಂಬಿ ಪದರ ಪದರವಾಗಿ ಬರುತ್ತವೆ. ಮೊದಲು ಮಾಡಿದ್ದು ಯಾರೆಂಬುದಕ್ಕೆ ಉಡುಪಿ, ಮಂಗಳೂರಿನವರು ಬೇರೆ ಬೇರೆ ಹೆಸರು ಹೇಳುತ್ತಾರೆ, ನಿಮಗೇಕೆ ಆ ಉಸಾಬರಿ? ಮಂಗಳೂರಿನಲ್ಲಿ 1975ರಿಂದ ಇರುವ ಐಡಿಯಲ್ ಐಸ್‌ಕ್ರೀಂನವರ ಪಬ್ಬಾಸ್ ಅಂಗಡಿಗೆ ಸಂಜೆ ಜನ ಕಿಕ್ಕಿರಿಯುತ್ತಾರೆ, ಸ್ವಲ್ಪ ಮುಂಚೆ ಹೋಗಿ. ಇಬ್ಬರಿಗೊಂದು ಸಾಕು ಎಂಬ ಜಾಣತನ ಬೇಡ, ಉದ್ದ ಚಮಚ ಹಿಡಿದವರು ಕೊಡುವುದಿಲ್ಲ.

11. ಮಕ್ಕಳು ಫೋಟೊ ತೆಗೆದು ಮುಗಿಯುವವರೆಗೆ ತಟ್ಟೆಗೆ ಕೈ ಹಾಕಬೇಡಿ. ಎರಡು ನಿಮಿಷ, ಅಷ್ಟೇ.

12. ವಾಪಸು ಬರುವಾಗ ಊರವರಿಗೆಂದು ಒಣಮೀನು ಕಟ್ಟಿಸಿಕೊಳ್ಳುವ ಆಸೆ ಮಗನಿಗೆ ಬಂದರೆ ಮಾತ್ರ ಅಪ್ಪನ ಅಧಿಕಾರ ಚಲಾಯಿಸಿ. ಬೀದರಿನವರೆಗೆ ಸ್ಲೀಪರ್ ಬಸ್ಸಿನಲ್ಲಿ ಮಲಗುವವರು ನೀವೊಬ್ಬರೇ ಅಲ್ಲ. ಬಾಳೆಕಾಯಿ ಚಿಪ್ಸ್ ಕೊಡಿಸಿ.